ಎರಡು ಕಿಲೋಮೀಟರಿಗೂ ಕಾರೇ? ಕೊಡಗಿನ ಸೈಕಲ್ ಸವಾರರ ಲೆಕ್ಕಾಚಾರ

ಕೊಡಗಿನಲ್ಲಿ ದಿನನಿತ್ಯ ಸೈಕಲ್ ತುಳಿಯುವವರಿಗೆ ಮೈಸೂರಿನ ಆಸ್ಪತ್ರೆಗೆ ಹೊರಟ ಕಾರಿನ ಮೇಲೆ ತಕರಾರಿಲ್ಲ, ಅಜ್ಜಿಯನ್ನು ಮದುವೆ ಮನೆಗೆ ಕರೆದೊಯ್ಯುವ ಜೀಪಿನ ಮೇಲೂ ಇಲ್ಲ. ರೈಲೇ ಇಲ್ಲದ ಜಿಲ್ಲೆ ಇದು. ಬಸ್ಸು ಮುಖ್ಯರಸ್ತೆ ಬಿಟ್ಟು ಒಳಗೆ ಬರುವುದು ಕಡಿಮೆ, ತೋಟದ ಮನೆಗಳು ಗುಡ್ಡಕ್ಕೊಂದರಂತೆ ಚದುರಿಕೊಂಡಿವೆ. ಇಲ್ಲಿ ನಾಲ್ಕು ಚಕ್ರದ ಗಾಡಿ ಶೋಕಿಗಾಗಿ ಬಂದದ್ದಲ್ಲ. ಸವಾರರ ತಕರಾರು ಒಂದೇ ಬಗೆಯ ಓಡಾಟದ ಬಗ್ಗೆ. ಮನೆಯಿಂದ ಒಂದೋ ಎರಡೋ, ಹೆಚ್ಚೆಂದರೆ ಮೂರು ಕಿಲೋಮೀಟರ್ ದೂರದ ಅಂಗಡಿಗೆ, ಬ್ಯಾಂಕಿಗೆ, ಟ್ಯೂಷನ್ನಿಗೆ ಒಬ್ಬರೇ ಕೂತು ಕಾರಿನಲ್ಲಿ ಹೋಗಿ ಬರುವುದು.

ಈ ತಕರಾರನ್ನು ಕಾರಿನವರು ಬೈಗುಳ ಎಂದುಕೊಳ್ಳುತ್ತಾರೆ. ಕೆಲವು ಸವಾರರು ಬೈಗುಳದ ಹಾಗೇ ಹೇಳುತ್ತಾರೆ ಎಂಬುದೂ ನಿಜ. "ಸೋಮಾರಿಗಳು" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅದು ಸುಳ್ಳೂ ಹೌದು, ಪ್ರಯೋಜನಕ್ಕೂ ಬಾರದು. ಚಿಕ್ಕ ದೂರಕ್ಕೂ ಕಾರಿನ ಕೀಲಿ ಹುಡುಕುವವರ ಮುಂದೆ ಏರು, ಮಳೆ, ಆನೆ, ಸಾಮಾನು ಹೀಗೆ ಏನೋ ಒಂದು ನಿಜವಾದ ಅಡ್ಡಿ ಇದ್ದೇ ಇರುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ಸರಿಯಾದ ಗೇರು, ಬ್ರೇಕು, ಕ್ಯಾರಿಯರ್‌ಗಳಿಂದ ದಾಟಬಹುದು. ಒಂದೆರಡನ್ನು ದಾಟಲಾಗದು, ಅಲ್ಲಿ ಕಾರೇ ಸರಿ. ಯಾವುದು ಯಾವುದೆಂದು ತಿಳಿಯಬೇಕಾದರೆ ಎಂಜಿನ್ನಿನೊಳಗೆ, ರಸ್ತೆಯ ಮೇಲೆ, ಪೆಡಲಿನ ಕೆಳಗೆ ಏನಾಗುತ್ತದೆ ಎಂದು ನೋಡಬೇಕು.

ತಣ್ಣಗಿನ ಎಂಜಿನ್ನಿಗೆ ಆಗುವುದು

ಚಿಕ್ಕ ಓಡಾಟದಿಂದ ಮೊದಲು ಹಾಳಾಗುವುದು ಕಾರೇ. ಪೆಟ್ರೋಲ್ ಎಂಜಿನ್ ಸರಿಯಾಗಿ ಕೆಲಸ ಮಾಡುವುದು ಅದರೊಳಗಿನ ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) 90 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ. ಎಂಜಿನ್ ಆಯಿಲ್ ಬಿಸಿಯಾಗಲು ಅದಕ್ಕಿಂತಲೂ ಹೊತ್ತು ಬೇಕು, ಹತ್ತು ಹದಿನೈದು ನಿಮಿಷವಾದರೂ ಓಡಬೇಕು. ಅಲ್ಲಿಯವರೆಗೆ ಎಂಜಿನ್ನಿನ ಕಂಪ್ಯೂಟರ್ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಏಕೆಂದರೆ ತಣ್ಣಗಿನ ಲೋಹದ ಮೇಲೆ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ. ದೂರದ ಪ್ರಯಾಣದಲ್ಲಿ ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರು ಇಂತಹ ಓಡಾಟದಲ್ಲಿ ಹತ್ತಕ್ಕೆ ಇಳಿದರೆ ಆಶ್ಚರ್ಯಪಡಬೇಕಿಲ್ಲ. ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡುವುದು ಸುಮಾರು 250ರಿಂದ 300 ಡಿಗ್ರಿ ಬಿಸಿಯಾದ ಮೇಲೆ. ಹಾಗಾಗಿ ಒಂದು ಓಡಾಟದ ವಿಷಕಾರಿ ಹೊಗೆಯಲ್ಲಿ ದೊಡ್ಡ ಪಾಲು ಹೊರಬರುವುದು ಮೊದಲ ಕೆಲವೇ ನಿಮಿಷಗಳಲ್ಲಿ, ಅಂದರೆ ನಮ್ಮ ಮನೆಯಂಗಳದಲ್ಲಿ, ನಮ್ಮದೇ ಬೀದಿಯಲ್ಲಿ.

ಕೊಡಗಿನ ನೆಲದ ಗುಣ ಇದನ್ನು ಇನ್ನಷ್ಟು ಕೆಡಿಸುತ್ತದೆ. ಮಡಿಕೇರಿಯಲ್ಲಿ ಬಹಳಷ್ಟು ಮನೆಗಳು ಗುಡ್ಡದ ಮೈಯಲ್ಲಿವೆ, ಪೇಟೆ ಕೆಳಗಿದೆ. ಹೋಗುವಾಗ ಇಳಿಜಾರು. ಎಂಜಿನ್ನಿಗೆ ಕೆಲಸವೇ ಇಲ್ಲ, ಬಿಸಿಯೂ ಆಗುವುದಿಲ್ಲ. ಪೇಟೆಯಲ್ಲಿ ಅರ್ಧ ಗಂಟೆ ನಿಂತು, ಅದೇ ಅರೆಬೆಚ್ಚಗಿನ ಎಂಜಿನ್ ಮೇಲೆ ಮೊದಲನೇ, ಎರಡನೇ ಗೇರಿನಲ್ಲಿ ಏರು ಹತ್ತುವ ಭಾರ ಬೀಳುತ್ತದೆ. ಆಯಿಲ್ ಇನ್ನೂ ಗಟ್ಟಿಯಿರುವಾಗ ಹೀಗೆ ದುಡಿಸಿದರೆ ಸವೆತ ಹೆಚ್ಚು.

ನೀರಿನ ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಹೊಗೆಕೊಳವೆಯಿಂದ ಹಾರಿಹೋಗುತ್ತದೆ. ಕಾಯದಿದ್ದರೆ ಸೈಲೆನ್ಸರಿನೊಳಗೇ ನೀರಾಗಿ ನಿಂತು ತುಕ್ಕು ಹಿಡಿಸುತ್ತದೆ, ಸ್ವಲ್ಪ ಭಾಗ ಆಯಿಲಿಗೂ ಇಳಿಯುತ್ತದೆ. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿ. ಒಳಗೆ ಬೆಳ್ಳಗೆ, ಕಂದು ಮಿಶ್ರಿತ ಕೆನೆಯಂಥದ್ದು ಅಂಟಿದ್ದರೆ ಅದು ಈ ನೀರೇ. ಕೂಲಂಟ್ ಮಟ್ಟ ಇಳಿಯದಿದ್ದರೆ ಎಂಜಿನ್ನಿನ ಸಂದು ಮುಚ್ಚುವ ಗ್ಯಾಸ್ಕೆಟ್ ಹೋಗಿದೆ ಎಂದು ಗಾಬರಿಪಡಬೇಕಿಲ್ಲ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಎಡೆಬಿಡದೆ ಓಡಿಸಿದರೆ ಒಣಗುತ್ತದೆ. ಕಾರಿನ ಕೈಪಿಡಿಗಳಲ್ಲಿ ಪದೇ ಪದೇ ಚಿಕ್ಕ ದೂರ ಓಡಿಸುವುದನ್ನು ಕಠಿಣ ಬಳಕೆ ಎಂದು ಎಣಿಸಿ, ಆಯಿಲನ್ನು ಬೇಗ ಬದಲಿಸಲು ಸೂಚಿಸಿರುವುದು ಸುಮ್ಮನೆ ಅಲ್ಲ.

ಡೀಸೆಲ್ ಗಾಡಿಯಿದ್ದವರಿಗೆ ಇನ್ನೊಂದು ತಲೆನೋವು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಹೊಗೆ ನಿಯಮಕ್ಕೆ ತಕ್ಕಂತೆ ಬಂದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಒಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ 550ರಿಂದ 600 ಡಿಗ್ರಿ ಬಿಸಿ ಬೇಕು, ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ ಓಡುವ ಗಾಡಿಯಲ್ಲಿ ಈ ಸುಡುವಿಕೆ ನಡುವೆಯೇ ನಿಲ್ಲುತ್ತದೆ. ಮಸಿ ಸುಡಲೆಂದು ಸುರಿದ ಹೆಚ್ಚುವರಿ ಡೀಸೆಲ್ ಆಯಿಲಿಗೆ ಇಳಿದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದಂತೆ ಕಾಣುತ್ತದೆ. ಡ್ಯಾಶ್‌ಬೋರ್ಡಿನ ದೀಪ ಹತ್ತಿದ ಮೇಲೂ ಹಾಗೇ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದನ್ನು ಬದಲಿಸುವ ಖರ್ಚು ಭಾರಿ.

ಬ್ಯಾಟರಿಯ ಕತೆಯೂ ಹೀಗೆಯೇ. ಸ್ಟಾರ್ಟ್ ಮಾಡುವ ಒಂದೆರಡು ಸೆಕೆಂಡಿಗೆ ಖರ್ಚಾಗುವ ವಿದ್ಯುತ್ ಅಷ್ಟೇನಿಲ್ಲ. ಆದರೆ ಜುಲೈ ತಿಂಗಳ ಸಂಜೆ ಹೆಡ್‌ಲೈಟ್, ವೈಪರ್, ಗಾಜಿನ ಮಂಜು ತೆಗೆಯುವ ಬ್ಲೋಯರ್ ಎಲ್ಲವನ್ನೂ ಹಾಕಿಕೊಂಡು ನಿಧಾನವಾಗಿ ಎರಡು ಕಿಲೋಮೀಟರ್ ಓಡಿದರೆ ಖರ್ಚಾದದ್ದು ವಾಪಸ್ ತುಂಬುವುದೇ ಇಲ್ಲ. ಇದು ದಿನವೂ ನಡೆದರೆ ಒಂದು ಬೆಳಿಗ್ಗೆ ಗಾಡಿ ಏಳುವುದಿಲ್ಲ.

ಹಣದ ಲೆಕ್ಕ ಸುಲಭ. ದಿನಕ್ಕೆ ಹೋಗಿಬರುವ 4 ಕಿಲೋಮೀಟರ್, ಲೀಟರಿಗೆ 10 ಕಿಲೋಮೀಟರ್, ತಿಂಗಳಿಗೆ 25 ದಿನ ಎಂದರೆ 10 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ ಹಿಡಿದರೂ ತಿಂಗಳಿಗೆ ಸಾವಿರ ರೂಪಾಯಿ. ಹತ್ತು ಲೀಟರ್ ಸುಟ್ಟರೆ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ 23 ಕಿಲೋ.

ರಸ್ತೆ ಎಷ್ಟು ಅಗಲ

ಸೈಕಲ್ ಸವಾರನ ಮುಖ್ಯ ದೂರು ಇಲ್ಲಿದೆ, ಕಾರಿನೊಳಗೆ ಕೂತವರಿಗೆ ಇದು ಕಾಣುವುದೇ ಇಲ್ಲ. ಒಂದು ಪಥದ ಗ್ರಾಮೀಣ ರಸ್ತೆಯ ಡಾಂಬರು ಸರಿಯಾಗಿ ಹಾಕಿದ್ದರೆ 3.75 ಮೀಟರ್ ಅಗಲ. ಊರೊಳಗಿನ, ತೋಟದ ನಡುವಿನ ಎಷ್ಟೋ ರಸ್ತೆಗಳು 3 ಮೀಟರ್ ಮಾತ್ರ. ಚಿಕ್ಕ ಕಾರು ಒಂದೂವರೆ ಮೀಟರ್ ಅಗಲ, ದೊಡ್ಡ ಎಸ್‌ಯುವಿ 1.8 ಮೀಟರ್, ಕನ್ನಡಿ ಬೇರೆ. ಸೈಕಲ್ಲಿಗೆ ಅದರ ತುಸು ಓಲಾಟವೂ ಸೇರಿ 1 ಮೀಟರ್ ಬೇಕು. ನಡುವೆ ಕನಿಷ್ಠ 1 ಮೀಟರ್ ಅಂತರ ಇಟ್ಟರೆ ಒಟ್ಟು 3.8 ಮೀಟರ್. ಅಂದರೆ ಒಳ್ಳೆಯ ಒಂದು ಪಥದ ರಸ್ತೆಯಲ್ಲೂ ದೊಡ್ಡ ಕಾರು ಸೈಕಲ್ಲನ್ನು ಸುರಕ್ಷಿತವಾಗಿ ದಾಟಲು ಜಾಗ ಸಾಲದು. ಅಗಲ ಸಿಗುವ ತಿರುವಿನವರೆಗೆ ಕಾರು ಹಿಂದೆ ಕಾಯಬೇಕು, ಇಲ್ಲವೇ ಸೈಕಲ್ಲು ನಿಂತು ಪಕ್ಕಕ್ಕೆ ಸರಿಯಬೇಕು.

ಓಡುತ್ತಿರುವಾಗಲೇ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಬಾರದೇ ಎಂದು ಕೇಳುವವರಿದ್ದಾರೆ. ಮಳೆನೀರು ಕೊರೆದು ಡಾಂಬರಿನ ಅಂಚಿನಲ್ಲಿ ಐದರಿಂದ ಹತ್ತು ಸೆಂಟಿಮೀಟರ್ ಮೆಟ್ಟಿಲು ಬಿದ್ದಿರುತ್ತದೆ. ಅಲ್ಲಿಂದ ಜಾರಿದ ಮುಂದಿನ ಚಕ್ರ ಓರೆಯಾಗಿ ಮತ್ತೆ ಮೇಲೆ ಹತ್ತುವುದಿಲ್ಲ, ಸವಾರ ರಸ್ತೆಯ ಕಡೆಗೇ ಬೀಳುತ್ತಾನೆ. ಅದಕ್ಕೇ ಅನುಭವಿ ಸವಾರರು ಅಂಚಿನಿಂದ ಮುಕ್ಕಾಲು ಮೀಟರ್ ಒಳಗೆ ಓಡಿಸುತ್ತಾರೆ. ಹಿಂದಿನಿಂದ ನೋಡುವವರಿಗೆ ಅದು ಹಟದಂತೆ ಕಾಣಬಹುದು. ಬಿದ್ದರೆ ನಿಮ್ಮ ಚಕ್ರದಡಿಗೇ ಬೀಳುತ್ತೇವೆಂಬ ತಿಳಿವಳಿಕೆ ಅದು.

ಪೇಟೆಯಲ್ಲಿ ಸಮಸ್ಯೆ ನಿಂತ ಕಾರಿನದು. ಮಡಿಕೇರಿಯ ಶುಕ್ರವಾರದ ಸಂತೆಯ ದಿನ, ವಾರಾಂತ್ಯದ ಪ್ರವಾಸಿ ದಟ್ಟಣೆಯ ದಿನ ರಸ್ತೆಯ ಪಕ್ಕ ಸಾಲಾಗಿ ನಿಂತ ಕಾರುಗಳು ಸೈಕಲ್ಲನ್ನು ನಡುರಸ್ತೆಗೆ ತಳ್ಳುತ್ತವೆ. ಹಿಂದೆ ನೋಡದೆ ತೆರೆದ ಬಾಗಿಲು ಇನ್ನೂ ಅಪಾಯ. ಬಾಗಿಲಿನ ಎದುರು ಬದಿಯ ಕೈಯಿಂದ, ಅಂದರೆ ಬಲಬದಿಯಲ್ಲಿ ಕೂತವರು ಎಡಗೈಯಿಂದ ಹಿಡಿ ಎಳೆದರೆ ಮೈ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಈ ಅಭ್ಯಾಸವನ್ನು ಮನೆಮಂದಿಗೆಲ್ಲ ಕಲಿಸಿದರೆ ಎಷ್ಟೋ ಅಪಘಾತ ತಪ್ಪುತ್ತದೆ. ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜಾಸೀಟ್ ಒಂದಕ್ಕೊಂದು ನಡೆದು ಮುಟ್ಟುವಷ್ಟು ಹತ್ತಿರ. ಹೋಟೆಲಿನಲ್ಲಿ ಇಳಿದ ಪ್ರವಾಸಿಗರು ಈ ಮೂರಕ್ಕೂ ಮೂರು ಸಲ ಕಾರು ತೆಗೆದು ಮೂರು ಸಲ ಪಾರ್ಕಿಂಗ್ ಹುಡುಕುವುದನ್ನು ನಿಲ್ಲಿಸಿದರೂ ಪೇಟೆ ಉಸಿರಾಡೀತು. ಹೋಂಸ್ಟೇ ನಡೆಸುವವರು ನಡೆದು ಹೋಗುವ ದಾರಿಯನ್ನು ಕಾಗದದ ಮೇಲೆ ಬರೆದುಕೊಟ್ಟರೆ ಅದೇ ದೊಡ್ಡ ಉಪಕಾರ.

ಏರಿನ ಲೆಕ್ಕ

"ಇದೇನು ಮೈಸೂರೇ, ಸೈಕಲ್ ತುಳಿಯೋದಕ್ಕೆ?" ಎಂಬ ಮಾತಿಗೆ ತೂಕವಿದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ, ಕುಶಾಲನಗರ ಅದಕ್ಕಿಂತ 300 ಮೀಟರಿನಷ್ಟು ಕೆಳಗೆ. ಕುಶಾಲನಗರದವರಿಗೆ, ಕೂಡಿಗೆ ಕಡೆಯವರಿಗೆ, ಗೋಣಿಕೊಪ್ಪ–ಪೊನ್ನಂಪೇಟೆಯ ಗದ್ದೆ ಬಯಲಿನವರಿಗೆ ಏರಿನ ನೆಪ ಅಷ್ಟಾಗಿ ನಡೆಯದು. ಅಲ್ಲಿ ಎರಡು ಕಿಲೋಮೀಟರ್ ಎಂದರೆ ಸಾಧಾರಣ ಸೈಕಲ್ಲಿಗೆ ಎಂಟು ನಿಮಿಷ. ಕಾರು ತೆಗೆದು, ಗೇಟು ಹಾಕಿ, ನಿಲ್ಲಿಸಲು ಜಾಗ ಹುಡುಕುವ ಹೊತ್ತೂ ಸೇರಿದರೆ ಕಾರಿಗೂ ಅಷ್ಟೇ ಬೇಕು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಯ ಗುಡ್ಡದ ಮನೆಯವರ ಮಾತು ಬೇರೆ.

65 ಕಿಲೋ ತೂಕದವರು 15 ಕಿಲೋ ತೂಕದ ಸೈಕಲ್ಲಿನಲ್ಲಿ 100 ಮೀಟರ್ ಎತ್ತರ ಏರಬೇಕು ಎನ್ನೋಣ. ಬೇಕಾದ ಶಕ್ತಿ ಸುಮಾರು 78 ಕಿಲೋಜೌಲ್. ಆರೋಗ್ಯವಂತ ವ್ಯಕ್ತಿ ತೀರಾ ದಣಿಯದೆ 100 ವಾಟ್ ಕೊಡಬಲ್ಲರು. ಆ ಲೆಕ್ಕದಲ್ಲಿ 13 ನಿಮಿಷ, ಟೈರಿನ ಎಳೆತವೂ ಸೇರಿ 15 ನಿಮಿಷ ಹಿಡಿಯಿರಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಾದರೆ ಇದು ಒಂದೂಕಾಲು ಕಿಲೋಮೀಟರ್ ದೂರ, ವೇಗ ಗಂಟೆಗೆ ಐದು ಐದೂವರೆ ಕಿಲೋಮೀಟರ್. ಇಳಿದು ತಳ್ಳಿಕೊಂಡು ಹೋದರೂ 20 ನಿಮಿಷದಲ್ಲಿ ಮುಗಿಯುವ ಕೆಲಸ.

ಹಾಗಾದರೆ ಸೈಕಲ್ಲಿನಲ್ಲಿ ಏರು ಹತ್ತುವುದು ಅಸಾಧ್ಯ ಎಂದೇಕೆ ಅನ್ನಿಸುತ್ತದೆ? ಹೆಚ್ಚಿನವರು ತುಳಿದು ನೋಡಿದ್ದು ಗೇರಿಲ್ಲದ ಸೈಕಲ್ಲನ್ನು. ಮುಂದೆ ಪೆಡಲಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಹಲ್ಲುಚಕ್ರದಲ್ಲಿ 18 ಹಲ್ಲಿರುವ ಸೈಕಲ್ಲು ಪೆಡಲ್ ಒಂದು ಸುತ್ತು ತಿರುಗಿದರೆ 5 ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಮೇಲಿನ ಏರಿನಲ್ಲಿ ಅದರ ಪೆಡಲ್ ನಿಮಿಷಕ್ಕೆ 18 ಸುತ್ತು ಮಾತ್ರ ತಿರುಗುತ್ತದೆ, ಪ್ರತಿ ತುಳಿತದಲ್ಲೂ ಸರಾಸರಿ 30 ಕಿಲೋಗಿಂತ ಹೆಚ್ಚು ಭಾರ ಹಾಕಬೇಕು. ಮಂಡಿ ಒಪ್ಪುವುದಿಲ್ಲ. ಮುಂದೆ 22, ಹಿಂದೆ 32 ಹಲ್ಲಿದ್ದರೆ ಒಂದು ಸುತ್ತಿಗೆ ಒಂದೂವರೆ ಮೀಟರ್. ಅದೇ 100 ವಾಟ್, ಅದೇ ವೇಗ, ಆದರೆ ಪೆಡಲ್ ನಿಮಿಷಕ್ಕೆ 60 ಸುತ್ತು, ಕಾಲಿನ ಭಾರ ಹತ್ತು ಕಿಲೋಗಿಂತ ಕಡಿಮೆ. ಸರ್ಕಾರ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಬಯಲುಸೀಮೆಗೆ ವರದಾನವಾದವು. ಗೇರಿಲ್ಲದ ಅಂಥ ಸೈಕಲ್ಲು ಬೆಟ್ಟದೂರಿನ ಏರಿಗೆ ಹೇಳಿಸಿದ್ದಲ್ಲ. ಸೈಕಲ್ಲೇ ಆಗದ ಮಾತು ಎಂಬ ಅಭಿಪ್ರಾಯ ಬಲಿತದ್ದರಲ್ಲಿ ಇಂತಹ ಅನುಭವಗಳ ಪಾಲು ದೊಡ್ಡದು.

ಕೊಳ್ಳುವಾಗ ಬ್ರಾಂಡಿಗಿಂತ ಮೊದಲು ಹಲ್ಲು ಎಣಿಸಿ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲಿಗಿಂತ ಕಡಿಮೆ ಇರಲೇಬೇಕು. 22–24 ಮುಂದೆ, 32–34 ಹಿಂದೆ ಇದ್ದರೆ ಕೊಡಗಿನ ಹೆಚ್ಚಿನ ಏರುಗಳಿಗೆ ಸಾಕು. ಮನೆಯಲ್ಲಿರುವ ಗೇರ್ ಸೈಕಲ್ಲಿನ ಹಿಂದೆ 28 ಹಲ್ಲೇ ದೊಡ್ಡದಾಗಿದ್ದರೆ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಮಾತ್ರ ಬದಲಿಸಿ 34ಕ್ಕೆ ಹೋಗಬಹುದು. ಅದನ್ನು ಬಿಚ್ಚಲು ಅದಕ್ಕೆಂದೇ ಇರುವ ಸಾಧನ ಬೇಕು, ಸುತ್ತಿಗೆ ಉಳಿಯಿಂದ ಹೊಡೆದರೆ ಹಬ್ಬಿನ ಮರೆ ಹೋಗುತ್ತದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ 34 ಹಲ್ಲು ತಾಳುತ್ತದೆಯೇ ಎಂದು ಮೊದಲು ಕೇಳಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಹಳೆಯ ಚೈನನ್ನೇ ಉಳಿಸಿಕೊಳ್ಳುವುದು. ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಡಿರೇಲರಿಗೆ ಪೋಣಿಸದೆ ಚೈನ್ ಸುತ್ತಿ, ತುದಿಗಳು ಸೇರುವ ಅಳತೆಗೆ ಎರಡು ಕೊಂಡಿ ಹೆಚ್ಚು ಇಡಬೇಕು. ಚೈನ್ ಗಿಡ್ಡವಾದರೆ ದೊಡ್ಡದಕ್ಕೆ ದೊಡ್ಡದು ಬಿದ್ದ ಗಳಿಗೆ ಡಿರೇಲರ್ ಮುರಿದು ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮಾತು: ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನ್ ಕಳಚುತ್ತದೆ.

ಮಳೆ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡುವುದು ಎಂಬುದಕ್ಕೆ ಸವಾರರಲ್ಲೇ ಒಮ್ಮತವಿಲ್ಲ. ಒದ್ದೆಯಾದರೆ ಒಣಗುತ್ತೇವೆ ಎನ್ನುವವರೂ ಇದ್ದಾರೆ, ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮುಗಿಯುವವರೆಗೆ ಸೈಕಲ್ಲನ್ನು ಅಟ್ಟಕ್ಕೆ ಏರಿಸುವವರೂ ಇದ್ದಾರೆ. ಇವೆರಡರ ನಡುವೆ ಒಂದು ಗೆರೆ ಎಳೆಯಬಹುದು. ಶಾಲೆಗಳಿಗೆ ಮಳೆಯ ರಜೆ ಕೊಟ್ಟ ದಿನ ಸೈಕಲ್ ಬೇಡವೇ ಬೇಡ. ಅಂತಹ ದಿನ ಅಪಾಯ ಬರುವುದು ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಜರಿಯುವುದರಿಂದ, ಸಿಲ್ವರ್ ಓಕ್ ಕೊಂಬೆಗಳಿಂದ, ಹರಿದು ಬಿದ್ದ ಕರೆಂಟು ತಂತಿಯಿಂದ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ಮನೆಯಲ್ಲೇ ಇರುವುದು ಕಾರಿಗೂ ಒಳ್ಳೆಯದು. ಹನಿಯುವ, ಬಂದು ಹೋಗುವ ಮಳೆಯ ದಿನಗಳು ಅದಕ್ಕಿಂತ ಎಷ್ಟೋ ಹೆಚ್ಚು, ಆ ದಿನಗಳಿಗೆ ಸೈಕಲ್ಲನ್ನು ತಯಾರು ಮಾಡಬಹುದು.

ಮೊದಲನೆಯದು ಬ್ರೇಕು. ನೂರು ಮೀಟರ್ ಏರಲು ಕಾಲು ಕೊಟ್ಟ 78 ಕಿಲೋಜೌಲ್ ಇಳಿಯುವಾಗ ಬಹುಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ಹೊಳೆಯುವ ಕ್ರೋಮ್ ಲೇಪದ ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ರಬ್ಬರ್ ಹಿಡಿಯುವುದೇ ಇಲ್ಲ ಎನ್ನುವಷ್ಟು ಜಾರುತ್ತದೆ. ಅಂತಹ ಸೈಕಲ್ಲಿನಲ್ಲಿ ಮಳೆಗಾಲದ ಇಳಿಜಾರು ಇಳಿಯಬಾರದು. ಅಲ್ಯೂಮಿನಿಯಂ ರಿಮ್ ಪರವಾಗಿಲ್ಲ, ಆದರೂ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ. ಹಾಗಾಗಿ ತಿರುವಿಗೆ ಸಾಕಷ್ಟು ಮುಂಚೆಯೇ ಒಮ್ಮೆ ಹಗುರಾಗಿ ಒತ್ತಿ ರಿಮ್ ಒಣಗಿಸಿಕೊಳ್ಳಬೇಕು. ಡಿಸ್ಕ್ ಬ್ರೇಕ್ ಈ ಊರಿಗೆ ಹೊಂದುತ್ತದೆ. ಸಿಂಟರ್ಡ್ (ಲೋಹದ ಪುಡಿ ಒತ್ತಿ ಮಾಡಿದ) ಪ್ಯಾಡುಗಳು ಕೆಸರು ಮಳೆಯಲ್ಲಿ ಹೆಚ್ಚು ಬಾಳುತ್ತವೆ, ರೆಸಿನ್ ಪ್ಯಾಡು ಬೇಗ ಸವೆಯುತ್ತದೆ. ಪ್ಯಾಡಿನ ಪದರ ಒಂದು ಮಿಲಿಮೀಟರಿಗೆ ಬಂದಾಗ ಬದಲಿಸಿ. ಕೇಬಲ್ಲಿನಿಂದ ಎಳೆಯುವ ಡಿಸ್ಕಾದರೆ ಪ್ರತಿ ಮಳೆಗಾಲಕ್ಕೆ ಮೊದಲು ಒಳಗಿನ ತಂತಿ ಹೊಸದು ಹಾಕಿಸಿ, ತುಕ್ಕು ಹಿಡಿದ ತಂತಿ ಎಳೆದರೆ ಬರುತ್ತದೆ, ಬಿಟ್ಟರೆ ಹಿಂದೆ ಹೋಗುವುದಿಲ್ಲ. ಇಳಿಜಾರಿನುದ್ದಕ್ಕೂ ಬ್ರೇಕನ್ನು ಸುಮ್ಮನೆ ಹಿಡಿದುಕೊಂಡೇ ಇಳಿಯಬೇಡಿ. ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ನಡುವೆ ಬಿಟ್ಟು ಆರಲು ಕೊಡಿ.

ಟೈರು 1.75ರಿಂದ 2.1 ಇಂಚು ಅಗಲವಿರಲಿ. ಎರಡಿಂಚಿನ ಟೈರಿಗೆ 70 ಕಿಲೋ ತೂಕದವರಿಗೆ 35ರಿಂದ 45 ಪಿಎಸ್‌ಐ ಗಾಳಿ ಸಾಕು, ಮಳೆಯಲ್ಲಿ ಐದು ಕಡಿಮೆ ಮಾಡಿ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನ ಹಾಗೆ ತುಂಬಿಸಿದ ಟೈರು ಒದ್ದೆ ರಸ್ತೆಯಲ್ಲಿ ಜಾರುವುದಕ್ಕೇ ಸರಿ. ಮರದ ನೆರಳಿನ ಕಾಂಕ್ರೀಟ್ ರಸ್ತೆಗಳ ಮೇಲೆ ಜುಲೈ ಹೊತ್ತಿಗೆ ಹಸಿರು ಪಾಚಿ ಕಟ್ಟುತ್ತದೆ, ಅಲ್ಲಿ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ, ನೇರ ದಾಟಿ. ತೋಟದ ಗೇಟಿನಲ್ಲಿ ದನ ತಡೆಯಲು ಹಾಸಿದ ಕಬ್ಬಿಣದ ಕಂಬಿಗಳನ್ನು ಸರಿಯಾಗಿ ಅಡ್ಡಕ್ಕೆ ದಾಟಬೇಕು, ಓರೆಯಾಗಿ ಬಂದರೆ ಚಕ್ರ ಜಾರುತ್ತದೆ.

ಚೈನಿಗೆ ಮನೆಯ ತೆಂಗಿನೆಣ್ಣೆ ಹಾಕುವವರಿದ್ದಾರೆ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಮಡಿಕೇರಿಯ ಬೆಳಗಿನ ಚಳಿಯಲ್ಲಿ ಅದು ಮೇಣವಾಗಿ ಮಣ್ಣು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಮಳೆಗೆ ತೊಳೆದುಹೋಗುತ್ತದೆ. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿಯೇ ಇರುತ್ತದೆ. ಮಳೆಗಾಲಕ್ಕೆಂದೇ ಇರುವ ದಪ್ಪ ಚೈನ್ ಎಣ್ಣೆಯನ್ನು ಕೊಂಡಿಗೊಂದು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು, ಹೊರಗಿನದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಕೆಲಸ ಮಾಡುವುದು ಕೊಂಡಿಯ ಒಳಗೆ, ಹೊರಗೆ ಉಳಿದದ್ದು ಕೆಸರಿಗೆ ಅಂಟು.

ಮಡ್‌ಗಾರ್ಡ್ ಇಲ್ಲದ ಸೈಕಲ್ಲು ನೋಡಲು ಚೆಂದ. ಆದರೆ ಬೆನ್ನಿನುದ್ದಕ್ಕೂ ಕೆಂಪು ಗೆರೆ ಎಳೆಸಿಕೊಂಡು ಯಾರೂ ಬ್ಯಾಂಕಿಗೆ ಹೋಗಲಾರರು. ಪೂರ್ತಿ ಉದ್ದದ ಮಡ್‌ಗಾರ್ಡ್, ಅದರ ತುದಿಗೆ ನೆಲದಿಂದ ಹದಿನೈದು ಸೆಂಟಿಮೀಟರ್ ಮೇಲಿರುವ ರಬ್ಬರ್ ತುಂಡು ಎರಡೂ ಬೇಕು. ಮುಂದಿನ ಚಕ್ರದ ನೀರು ಕಾಲಿಗೂ ಚೈನಿಗೂ ಬೀಳುವುದನ್ನು ಈ ತುಂಡೇ ತಪ್ಪಿಸುತ್ತದೆ. ಮಳೆ ಕೋಟಿನ ಬದಲು ಕೆಳಗೆ ತೆರೆದಿರುವ ಪೊಂಚೊ ಹಾಕಿದರೆ ಏರಿನಲ್ಲಿ ಒಳಗೆ ಬೆವರು ಕಟ್ಟುವುದಿಲ್ಲ, ಆದರೆ ಗಾಳಿಯ ದಿನ ಅದು ಪಟದಂತೆ ಎಳೆಯುತ್ತದೆ.

ಆನೆ ಇರುವಲ್ಲಿ

ಇಲ್ಲಿ ಚರ್ಚೆಯೇ ಬೇಡ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿ, ತಿತಿಮತಿ ಕಡೆ ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ ಅರ್ಧ ಕಿಲೋಮೀಟರ್ ದೂರಕ್ಕೂ ಕಾರು, ಜೀಪು ತೆಗೆಯುವವರನ್ನು ಯಾವ ಸವಾರನೂ ದೂರಬಾರದು. ಸೈಕಲ್ಲಿಗೆ ಸದ್ದಿಲ್ಲ. ತಿರುವಿನಲ್ಲಿ ಆನೆಗೂ ಸವಾರನಿಗೂ ಒಂದೇ ಸಲ ಗೊತ್ತಾಗುತ್ತದೆ, ಹಿಂದಕ್ಕೆ ತಿರುಗಿಸುವಷ್ಟು ಹೊತ್ತೂ ಇರುವುದಿಲ್ಲ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ, ಭತ್ತ ತೆನೆ ಕಟ್ಟಿದಾಗ ಆನೆ ತೋಟಕ್ಕೆ, ಗದ್ದೆಗೆ ಬರುವುದು ಹೆಚ್ಚು, ಆಗ ಹಗಲಿನಲ್ಲೂ ಊರಿನ ವಾಟ್ಸ್‌ಆಪ್ ಗುಂಪಿನ ಸುದ್ದಿ ನೋಡಿ ಹೊರಡಬೇಕು.

ಸಾಮಾನು, ಮಕ್ಕಳು, ಮರ್ಯಾದೆ

ಸಾಮಾನ್ಯ ಕ್ಯಾರಿಯರ್ ತಾಳುವುದು 25 ಕಿಲೋ. ಐದು ಕಿಲೋ ಅಕ್ಕಿ, ತರಕಾರಿ, ಹಾಲು, ಮೀನು ಎಲ್ಲ ಸೇರಿ ಹತ್ತು ಹನ್ನೆರಡು ಕಿಲೋ ಆಗುತ್ತದೆ. ಅದನ್ನು ಹ್ಯಾಂಡಲಿಗೆ ನೇತುಹಾಕಿದರೆ ಚೀಲ ಕಡ್ಡಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಹಿಂದೆ ಎರಡೂ ಬದಿಗೆ ಸಮ ತೂಕದ ಚೀಲ ಹಾಕಿ, ಭಾರದ್ದು ಕೆಳಗೆ ಇರಲಿ. ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಉಕ್ಕಿನ ತೂಕವೂ ಸೇರಿ 30 ಕಿಲೋ ದಾಟುವುದುಂಟು. ಅದು, ಗೊಬ್ಬರದ ಮೂಟೆ, ಕಾಫಿ ಚೀಲ ಇವೆಲ್ಲ ಗಾಡಿಯ ಕೆಲಸ. ವಾರಕ್ಕೊಮ್ಮೆ ಭಾರದ ಸಾಮಾನಿಗೆ ಕಾರು, ಉಳಿದ ದಿನ ಸೈಕಲ್ಲು ಎಂದು ಹಂಚಿಕೊಂಡ ಮನೆಗಳಲ್ಲಿ ಕಾರೂ ಒಳ್ಳೆಯ ಸ್ಥಿತಿಯಲ್ಲಿರುತ್ತದೆ.

ಶಾಲೆಯ ಗೇಟಿನ ಸಂಗತಿ ಬಿಡಿಸಲು ಕಷ್ಟ. ರಸ್ತೆಯಲ್ಲಿ ಕಾರು ಹೆಚ್ಚು, ಮಗುವನ್ನು ನಡೆಸಲು ಭಯ ಎಂದು ಒಬ್ಬರು ಕಾರಿನಲ್ಲಿ ಬಿಡುತ್ತಾರೆ. ಅದರಿಂದ ಗೇಟಿನ ಮುಂದೆ ಇನ್ನೊಂದು ಕಾರು ಹೆಚ್ಚಾಗುತ್ತದೆ, ನಿನ್ನೆಯವರೆಗೆ ನಡೆದು ಬರುತ್ತಿದ್ದ ಪಕ್ಕದ ಮನೆಯವರೂ ನಾಳೆ ಕಾರು ತರುತ್ತಾರೆ. ಒಬ್ಬರೇ ನಿಲ್ಲಿಸಿದರೆ ಇದು ನಿಲ್ಲದು. ಗೇಟಿನಿಂದ 300 ಮೀಟರ್ ದೂರದಲ್ಲಿ ಒಂದು ಕಡೆ ಇಳಿಸಿ, ಅಲ್ಲಿಂದ ಇಬ್ಬರು ದೊಡ್ಡವರು ಎಲ್ಲ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗುವ ಏರ್ಪಾಡು ಪೋಷಕರ ಸಭೆಯಲ್ಲೇ ಆಗಬೇಕು.

ಮರ್ಯಾದೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತೋಟವಿದ್ದವರು, ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ಸೈಕಲ್ಲಿನಲ್ಲಿ ಪೇಟೆಗೆ ಬಂದರೆ "ಕಾರಿಗೇನಾಯ್ತು?" ಎಂದು ನಾಲ್ಕು ಜನ ಕೇಳುತ್ತಾರೆ. ನಿವೃತ್ತ ಸೈನಿಕರು ಇಷ್ಟೊಂದಿರುವ ಜಿಲ್ಲೆಯಲ್ಲಿ, ಹಾಕಿ ಆಡಿ ಬೆಳೆದವರ ನಾಡಿನಲ್ಲಿ ಮೈ ದಣಿಸುವುದು ಕಡಿಮೆಯ ಮಾತಾಗಬಾರದು. ಹಾಗೆಯೇ ಮಂಡಿ ನೋವಿನವರು, ಹೃದಯದ ತೊಂದರೆಯವರು, ಬಸುರಿಯರು, ವಯಸ್ಸಾದವರು ಒಂದು ಕಿಲೋಮೀಟರಿಗೂ ಕಾರಿನಲ್ಲಿ ಹೋಗುವುದು ಅವರ ಹಕ್ಕು. ಹೊರಗಿನಿಂದ ನೋಡಿ ಯಾರ ಮಂಡಿ ಹೇಗಿದೆಯೆಂದು ತಿಳಿಯುವುದಿಲ್ಲ. ಅದಕ್ಕೇ ರಸ್ತೆಯಲ್ಲಿ ಎದುರಾದ ಒಬ್ಬ ಚಾಲಕನನ್ನು ಬೈಯುವುದು ತಪ್ಪು.

ಬ್ಯಾಟರಿ ಸೈಕಲ್

ಏರಿಗೆ ಹೆದರುವವರಿಗೆ ಇದು ನಿಜವಾದ ಉತ್ತರ ಎಂದೇ ನಮ್ಮ ಅಭಿಪ್ರಾಯ. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಮೀರದ, ಮಾನ್ಯತೆ ಪಡೆದ ಬ್ಯಾಟರಿ ಸೈಕಲ್ಲಿಗೆ ಲೈಸೆನ್ಸ್, ನೋಂದಣಿ ಬೇಡ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 360 ವಾಟ್-ಅವರ್, ತುಂಬಿಸಲು ಅರ್ಧ ಯೂನಿಟ್ಟೂ ಬೇಡ. ಸವಾರ, ಸೈಕಲ್ ಸೇರಿ 90 ಕಿಲೋ ಇದ್ದರೆ 100 ಮೀಟರ್ ಎತ್ತರಕ್ಕೆ ಮೋಟಾರು ಒಂದೇ ದುಡಿದರೂ ಖರ್ಚು ಸುಮಾರು 35 ವಾಟ್-ಅವರ್, ನೀವೂ ತುಳಿದರೆ ಅದರ ಅರ್ಧ.

ಕೆಡುವುದು ಎಲ್ಲಿ ಎಂದು ತಿಳಿದು ಕೊಳ್ಳಿ. ಹಿಂದಿನ ಚಕ್ರದ ಹಬ್ಬಿನಲ್ಲಿ ಮೋಟಾರಿರುವ ಸೈಕಲ್ಲು ಕಡಿದಾದ ಏರಿನಲ್ಲಿ ಗಂಟೆಗೆ ಏಳೆಂಟು ಕಿಲೋಮೀಟರಿಗಿಂತ ನಿಧಾನವಾದರೆ ಮೋಟಾರು ತಿರುಗುವುದಕ್ಕಿಂತ ಬಿಸಿಯಾಗುವುದೇ ಹೆಚ್ಚು. ಅದನ್ನು ವೇಗ ಬೀಳದಂತೆ, ಜೊತೆಗೆ ತುಳಿಯುತ್ತ ಹತ್ತಿಸಬೇಕು. ಪೆಡಲಿನ ಬಳಿ ಮೋಟಾರಿರುವುದು ಗೇರುಗಳನ್ನೂ ಬಳಸಿಕೊಳ್ಳುವುದರಿಂದ ಕೊಡಗಿನ ಏರಿಗೆ ಅದೇ ಒಳ್ಳೆಯದು. ಬೆಲೆ ಹೆಚ್ಚು, ಚೈನ್ ಬೇಗ ಸವೆಯುತ್ತದೆ. ಮಳೆಯಲ್ಲಿ ನೀರು ಹೋಗುವುದು ತಂತಿ ಸೇರುವ ಜಾಗಗಳಿಗೆ, ಅಲ್ಲಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಒತ್ತಡದ ನೀರಿನಿಂದ ತೊಳೆಯಬೇಡಿ. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ತಂದು, ಒರೆಸಿ, ಪೂರ್ತಿ ಒಣಗಿದ ಮೇಲೆ ಮಾತ್ರ ಚಾರ್ಜಿಗೆ ಹಾಕಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸುವುದಿಲ್ಲವಾದರೆ ಅರ್ಧ ಚಾರ್ಜಿನಲ್ಲಿ ಇಡಬೇಕು, ಖಾಲಿ ಬಿಟ್ಟ ಬ್ಯಾಟರಿ ಮತ್ತೆ ಏಳುವುದಿಲ್ಲ.

ಇಷ್ಟೆಲ್ಲ ಮಾಡಿದವರು ಪೇಟೆಗೆ ಬಂದಾಗ ಸೈಕಲ್ ನಿಲ್ಲಿಸಲು ಜಾಗವಿರುವುದಿಲ್ಲ. ಒಂದು ಕಾರು ನಿಲ್ಲುವ 2.5 ಮೀಟರ್ ಅಗಲ, 5 ಮೀಟರ್ ಉದ್ದದಲ್ಲಿ ಎಂಟು ಹತ್ತು ಸೈಕಲ್ಲು ನಿಲ್ಲುತ್ತವೆ. ಬ್ಯಾಂಕಿನವರು, ಅಂಗಡಿಯವರು, ಪಂಚಾಯ್ತಿ, ಪುರಸಭೆಯವರು ಅಂತಹ ಒಂದು ಜಾಗ ಬಿಟ್ಟುಕೊಟ್ಟರೆ ಸಾಕು. ಮುಂದಿನ ಚಕ್ರ ಮಾತ್ರ ತೂರಿಸುವ ಸ್ಟ್ಯಾಂಡ್ ಬೇಡ, ಗಾಳಿಗೆ ಸೈಕಲ್ಲು ಬಿದ್ದರೆ ರಿಮ್ ಬಗ್ಗುತ್ತದೆ, ಡಿಸ್ಕೂ ಸೊಟ್ಟಗಾಗುತ್ತದೆ. ಎರಡಿಂಚಿನ ಕಬ್ಬಿಣದ ಪೈಪನ್ನು ತಲೆಕೆಳಗಾದ ಯು ಆಕಾರಕ್ಕೆ ಬಗ್ಗಿಸಿ, ನೆಲದ ಮೇಲೆ 80 ಸೆಂಟಿಮೀಟರ್ ಬರುವಂತೆ ಕಾಂಕ್ರೀಟಿನಲ್ಲಿ ಹುಗಿದರೆ ಎರಡು ಬದಿಗೆ ಎರಡು ಸೈಕಲ್ಲು ಒರಗುತ್ತವೆ, ಚೌಕಟ್ಟು ಮತ್ತು ಚಕ್ರ ಎರಡಕ್ಕೂ ಬೀಗ ಸಿಗುತ್ತದೆ. ಒಂದಕ್ಕೊಂದು 1 ಮೀಟರ್ ಅಂತರವಿರಲಿ. ಮೇಲೆ ತಗಡಿನ ಮಾಡು ಹಾಕುವುದಾದರೆ ನೈಋತ್ಯದ ಕಡೆ ತಗ್ಗಿಸಿ ಹಾಕಿ, ಮಳೆಗಾಲದ ಇರಚಲು ಹೆಚ್ಚಾಗಿ ಆ ಕಡೆಯಿಂದಲೇ ಹೊಡೆಯುತ್ತದೆ.